ಅಂಗೈಯಗಲದ ಹಾರೈಕೆ

ಕಾಯಿಲೆ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಎಳನೀರು, ಕಿತ್ತಳೆ, ಬ್ರೆಡ್ಡು, ದೇವಸ್ಥಾನದ ಕುಂಕುಮದ ಪೊಟ್ಟಣ ಇವೆಲ್ಲ ಚಿಕ್ಕಬಳ್ಳಾಪುರದ ಆಸ್ಪತ್ರೆಯಾಗಲಿ ಬೆಂಗಳೂರಿನ ಆಸ್ಪತ್ರೆಯಾಗಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಾಣುವ ವಸ್ತುಗಳೇ. ಅಮೆರಿಕ ಮತ್ತು ಯೂರೋಪಿನ ಎಷ್ಟೋ ಚರ್ಚುಗಳ ಹೆಂಗಸರು ಈಚಿನ ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿದ್ದಾರೆ. ಅದು ಕ್ರೋಷಾ ಕಡ್ಡಿಯಿಂದ ಹೆಣೆದ, ಅಂಗೈಯಗಲದ ಒಂದು ಚೌಕ ಬಟ್ಟೆ. ಹೆಣೆಯುವಷ್ಟು ಹೊತ್ತೂ ಅದು ಯಾರನ್ನು ಸೇರಬೇಕೋ ಅವರಿಗಾಗಿ ಪ್ರಾರ್ಥನೆ ನಡೆಯುತ್ತಿರುತ್ತದೆ. ಪಡೆದವರು ಅದನ್ನು ದಿಂಬಿನಡಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ವೈದ್ಯರ ಕೋಣೆಯ ಹೊರಗೆ ಕಾಯುವಾಗ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಾರೆ.

ಇದರ ಈಗಿನ ರೂಪಕ್ಕೆ ವಯಸ್ಸು ಹೆಚ್ಚಲ್ಲ. 1998ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಜಾನೆಟ್ ಬ್ರಿಸ್ಟೊ ಮತ್ತು ವಿಕ್ಟೋರಿಯಾ ಗ್ಯಾಲೊ ಎಂಬಿಬ್ಬರು ನೊಂದವರಿಗೆಂದು ಪ್ರಾರ್ಥನೆಯ ಶಾಲುಗಳನ್ನು ಹೆಣೆಯುವ ಬಳಗ ಕಟ್ಟಿದರು. ಅದನ್ನು ಕಂಡು ಊರೂರುಗಳಲ್ಲಿ ಅಂಥ ಬಳಗಗಳು ಹುಟ್ಟಿಕೊಂಡವು. ಅಂಗೈಯಗಲದ ಬಟ್ಟೆ ಆ ಶಾಲಿನ ಚಿಕ್ಕ ತಂಗಿಯಿದ್ದಂತೆ. ನಂಬಿಕೆಯ ಬೇರು ಮಾತ್ರ ಬಹಳ ಹಳೆಯದು. ಪೌಲನ ಮೈಸೋಕಿದ ಕೈವಸ್ತ್ರಗಳನ್ನು ರೋಗಿಗಳ ಬಳಿಗೆ ಒಯ್ಯುತ್ತಿದ್ದರೆಂಬ ಪ್ರಸಂಗ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಭಾಗದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ.

ಇದು ದೂರದ ಯಾವುದೋ ದೇಶದ, ಯಾವುದೋ ಮತದ ಆಚಾರ ಎಂದು ಪಕ್ಕಕ್ಕಿಡುವ ಮುನ್ನ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ಒಮ್ಮೆ ನೋಡಬೇಕು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು, ಉರ್ದು, ಕನ್ನಡ ಎಲ್ಲವೂ ಕೇಳಿಬರುತ್ತವೆ. ಇನ್ನೊಬ್ಬರ ಒಳಿತನ್ನು ಒಂದು ತುಂಡು ಬಟ್ಟೆಗೆ ಕಟ್ಟಿಡುವ ಪದ್ಧತಿ ಇಲ್ಲಿಯ ಎಲ್ಲ ಮತದವರಲ್ಲೂ ಉಂಟು.

ಮೊದಲನೆಯದು ಮುಡಿಪು. ಮನೆಯಲ್ಲಿ ಮಗುವಿಗೆ ಜ್ವರ ಏರಿ ಇಳಿಯದಿದ್ದಾಗ, ಹೆರಿಗೆ ಕಷ್ಟವಾದಾಗ, ಹಿರಿಯರು ಬಿಳಿಯ ಬಟ್ಟೆಯ ತುಂಡೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಅದರಲ್ಲಿ ಕಾಣಿಕೆಯ ದುಡ್ಡಿಟ್ಟು, ತಿರುಪತಿ ತಿಮ್ಮಪ್ಪನನ್ನೋ ಮನೆದೇವರನ್ನೋ ನೆನೆದು ಗಂಟು ಹಾಕಿ ದೇವರ ಮುಂದಿಡುತ್ತಾರೆ. ಹರಕೆ ತೀರಿಸುವ ದಿನ ಬರುವವರೆಗೆ ಆ ಗಂಟನ್ನು ಬಿಚ್ಚುವಂತಿಲ್ಲ. ಮುಡಿಪು ಕಟ್ಟಿದವರು ಒಬ್ಬರು, ಗುಣವಾಗಬೇಕಾದವರು ಇನ್ನೊಬ್ಬರು ಎಂಬುದನ್ನು ಗಮನಿಸಬೇಕು. ಎಷ್ಟೋ ಸಲ ತನಗಾಗಿ ಮುಡಿಪು ಕಟ್ಟಿದ್ದರೆಂಬುದು ಮಗುವಿಗೆ ಗೊತ್ತಾಗುವುದು ಅದು ದೊಡ್ಡದಾದ ಮೇಲೆ, ತಿರುಪತಿಗೆ ಹೊರಡುವಾಗಲೇ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ 1938ರ ಏಪ್ರಿಲ್ 25ರ ಗೋಲಿಬಾರಿನಿಂದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಸೇರಿದ ಊರು. ಅಲ್ಲಿಗೆ ಹೋದವರೆಲ್ಲ ಸಾಲುಸಾಲು ನಾಗರಕಲ್ಲುಗಳನ್ನು ನೋಡಿರುತ್ತಾರೆ. ಹಳೆಯ ಅಶ್ವತ್ಥವೃಕ್ಷ 2001ರಲ್ಲಿ ಬಿದ್ದರೂ ಕಲ್ಲುಗಳು ಉಳಿದಿವೆ. ಸಂತಾನಕ್ಕಾಗಿ, ದೋಷ ನಿವಾರಣೆಗಾಗಿ ಪ್ರತಿಷ್ಠೆ ಮಾಡಿದ ಕಲ್ಲುಗಳವು. ಕಲ್ಲಿನ ಹರಕೆ ನಿಂತಲ್ಲೇ ನಿಲ್ಲುತ್ತದೆ, ತಲೆಮಾರುಗಳಿಗೆ ಸಾಕ್ಷಿಯಾಗುತ್ತದೆ. ಬಟ್ಟೆಯ ಹರಕೆ ನವೆದು ಹೋಗುತ್ತದೆ. ಆದರೆ ಅದು ಕಷ್ಟದಲ್ಲಿರುವವರ ಹತ್ತಿರಕ್ಕೇ ಹೋಗಬಲ್ಲದು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ಕರ್ನಾಟಕದವರಲ್ಲದೆ ಆಂಧ್ರ, ತಮಿಳುನಾಡಿನವರೂ ಅಲ್ಲಿಗೆ ಬರುತ್ತಾರೆ. ಮುಸಲ್ಮಾನರಷ್ಟೇ ಅಲ್ಲ, ಹಿಂದೂಗಳೂ ಬರುತ್ತಾರೆ. ಮನಸ್ಸಿನ ನೆಮ್ಮದಿ ಕಳೆದುಕೊಂಡವರನ್ನು ಮನೆಯವರು ಅಲ್ಲಿಗೆ ಕರೆತರುವುದುಂಟು. ದರ್ಗಾಗಳಲ್ಲಿ ಗೋರಿಯ ಮೇಲೆ ಚಾದರ ಹೊದಿಸುವುದು ಮುಖ್ಯ ಸೇವೆ. ಮನೆಮಂದಿಯೆಲ್ಲ ಚಾದರದ ಅಂಚನ್ನು ಹಿಡಿದು ನಡೆಯುತ್ತಾರೆ. ರೋಗಿ ನಡೆಯಲಾರದಿದ್ದರೆ ಅವನ ಪರವಾಗಿ ಅಣ್ಣನೋ ತಾಯಿಯೋ ಆ ಅಂಚನ್ನು ಹಿಡಿಯುತ್ತಾರೆ. ನಮಾಜಿಗೆ ತೊಡುವ, ಕ್ರೋಷಾದಲ್ಲಿ ಹೆಣೆದ ಬಿಳಿಯ ಜಾಳಿ ಟೋಪಿಯನ್ನು ಎಲ್ಲರೂ ಕಂಡಿದ್ದೇವೆ. ಅಜ್ಜಿಯೋ ಅಕ್ಕನೋ ಮನೆಯ ಹುಡುಗನಿಗೆಂದು ಹೆಣೆದುಕೊಟ್ಟ ಅಂಥ ಟೋಪಿಯನ್ನು ಪ್ರಾರ್ಥನೆಯ ಬಟ್ಟೆ ಎಂದು ಕರೆದರೆ ತಪ್ಪಾಗಲಾರದು.

ಇನ್ನು ಹಸುಗೂಸಿನ ಬಟ್ಟೆ. ಹುಟ್ಟಿದ ಮಗುವಿಗೆ ಮೊದಲ ದಿನಗಳಲ್ಲಿ ಹೊಸಬಟ್ಟೆ ಹಾಕದೆ, ಬಾಳಿ ಬದುಕಿದ ಹಿರಿಯರ ಹಳೆಯ ಹತ್ತಿ ಸೀರೆಯ ಮಡಿಕೆಯಲ್ಲಿ ಸುತ್ತುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆ ಎಳೆಯ ಚರ್ಮಕ್ಕೆ ಹಿತ ಎಂಬುದು ಅದರ ಪ್ರಯೋಜನ. ಉಟ್ಟವರ ಆಯುಸ್ಸು ಕೂಸಿಗೂ ಬರಲಿ ಎಂಬುದು ಅದರ ಹಾರೈಕೆ. ನಾಮಕರಣದ ಹೊತ್ತಿಗೆ ಬರುವ ಕುಲಾವಿ, ಕಾಲುಚೀಲಗಳು ಎಷ್ಟೋ ಸಲ ಮನೆಯವರ ಕೈ ಹೆಣಿಗೆಯೇ ಆಗಿರುತ್ತವೆ.

ಹಾಗಾದರೆ ಈ ಕ್ರೋಷಾ ಕಡ್ಡಿ ನಮ್ಮಲ್ಲಿಗೆ ಬಂದದ್ದು ಯಾವಾಗ?

ಹಳೆಯ ಟ್ರಂಕುಗಳಲ್ಲಿ ಸಿಗುವ ಕ್ರೋಷಾ ಮುಸುಕುಗಳನ್ನು ನೋಡಿ ಇದು ಪುರಾತನ ಕಲೆ ಎಂದುಕೊಳ್ಳುವವರಿದ್ದಾರೆ. ಕ್ರೋಷಾ ಎಂಬುದು 'ಚಿಕ್ಕ ಕೊಕ್ಕೆ' ಎಂಬ ಅರ್ಥದ ಫ್ರೆಂಚ್ ಮಾತು. ಯೂರೋಪಿನಲ್ಲೇ ಇದು ಮನೆಮನೆಗೆ ಹರಡಿದ್ದು 1840ರ ದಶಕದಲ್ಲಿ. 1845ರಿಂದ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಐರ್ಲೆಂಡಿನಲ್ಲಿ ಘೋರ ಕ್ಷಾಮ ಬಂತು. ಸುಮಾರು 10 ಲಕ್ಷ ಮಂದಿ ಸತ್ತರು. ಆಗ ಕಾನ್ವೆಂಟುಗಳ ಸಂನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಈ ಹೆಣಿಗೆ ಕಲಿಸಿದರು. ಗದ್ದೆ ಕೈಕೊಟ್ಟ ಮನೆಗಳಲ್ಲಿ ಕೊಕ್ಕೆಕಡ್ಡಿ ಅನ್ನ ಕೊಟ್ಟಿತು.

ಭಾರತಕ್ಕೆ ಇದನ್ನು ತಂದವರು ಮುಖ್ಯವಾಗಿ ಮಿಷನರಿಗಳ ಮಡದಿಯರು ಮತ್ತು ಕಾನ್ವೆಂಟಿನ ಸಂನ್ಯಾಸಿನಿಯರು. ಅದಕ್ಕೂ ಹಿಂದೆಯೇ ನಾಗರಕೋಯಿಲಿನಲ್ಲಿ ಲಂಡನ್ ಮಿಷನ್ನಿನ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳಿಗೆ ಲೇಸು ಹೆಣೆಯುವುದನ್ನು ಕಲಿಸಲು ತೊಡಗಿದ್ದರು. ಅದು ದಿಂಬಿನ ಮೇಲೆ ಕದಿರುಗಳನ್ನಿಟ್ಟು ಹೆಣೆಯುವ ಬೇರೆ ಬಗೆಯ ಲೇಸು. ತಿರುವಾಂಕೂರಿನಲ್ಲಿ ಗುಲಾಮಗಿರಿ ಇನ್ನೂ ಇದ್ದ ಆ ಕಾಲದಲ್ಲಿ ಕೆಲವು ಹೆಂಗಸರು ಲೇಸಿನ ಸಂಪಾದನೆಯಿಂದಲೇ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರು.

ಅದೇ ಲಂಡನ್ ಮಿಷನ್ ಕನ್ನಡ ನಾಡಿನಲ್ಲಿ 1810ರಲ್ಲಿ ಬಳ್ಳಾರಿಯಲ್ಲಿಯೂ 1820ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸ ಆರಂಭಿಸಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಚಿಕ್ಕಬಳ್ಳಾಪುರದಲ್ಲೂ ನೆಲೆಯೂರಿತ್ತು. ಮುಂದಿನ ಶತಮಾನದ ಮೊದಲ ದಶಕಗಳಲ್ಲಿ ಮಿಷನ್ನಿನ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನ್ ಅವರ ಹೆಸರಿನಲ್ಲಿ ಇಲ್ಲೊಂದು ಆಸ್ಪತ್ರೆ ಎದ್ದಿತು. ಈಗ ಜನ ಅದನ್ನು ಸಿ.ಎಸ್.ಐ. ಆಸ್ಪತ್ರೆ ಎಂದು ಕರೆಯುತ್ತಾರೆ. ಮಿಷನ್ ಶಾಲೆಗಳಲ್ಲಿ ಹುಡುಗಿಯರಿಗೆ ಅಕ್ಷರದ ಜೊತೆ ಹೊಲಿಗೆ ಹೆಣಿಗೆಯನ್ನೂ ಕಲಿಸುವುದು ಸಾಮಾನ್ಯವಾಗಿತ್ತು. ಮುಂದೆ ಸರ್ಕಾರಿ ಶಾಲೆ, ಮಹಿಳಾ ಸಮಾಜಗಳು ಅದನ್ನೇ ಮುಂದುವರಿಸಿದವು. ಕಲಿತವರಿಂದ ನೋಡಿ ಕಲಿತವರು ಇನ್ನೆಷ್ಟೋ ಮಂದಿ. ಹಾಲಿನ ಪಾತ್ರೆಗೆ ಮಣಿ ಕಟ್ಟಿದ ಮುಸುಕು, ಬಾಗಿಲಿಗೆ ತೋರಣ, ರೇಡಿಯೊಗೊಂದು ಹೊದಿಕೆ, ಆಮೇಲೆ ಟೀವಿಗೊಂದು ಹೊದಿಕೆ ಹೀಗೆ ಕಡ್ಡಿ ಮತದ ಗಡಿ ದಾಟಿ ನಡುಮನೆಗೆ ಬಂತು.

ಈ ಕೆಲಸ ಮನೆಯ ಹೆಂಗಸರ ಕೈಗೆ ಇಷ್ಟು ಬೇಗ ಒಗ್ಗಿದ್ದಕ್ಕೆ ಒಂದು ಕಾರಣ ಅದರ ರಚನೆಯಲ್ಲೇ ಇದೆ. ಸ್ವೆಟರ್ ಹೆಣೆಯುವಾಗ ಎರಡು ಕಡ್ಡಿಗಳಿರುತ್ತವೆ, ಸಾಲಿನ ಎಲ್ಲ ಕುಣಿಕೆಗಳೂ ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ. ಕಡ್ಡಿ ಜಾರಿದರೆ ಸಾಲೇ ಜಾರಿತು. ಕ್ರೋಷಾದಲ್ಲಿ ಸಾಮಾನ್ಯವಾಗಿ ಒಂದೇ ಕಡ್ಡಿ, ಬಿಚ್ಚಿಕೊಂಡಿರುವುದು ಒಂದೇ ಕುಣಿಕೆ. ಒಲೆಯ ಮೇಲೆ ಹಾಲು ಉಕ್ಕಿದರೆ, ತೊಟ್ಟಿಲಲ್ಲಿ ಮಗು ಎದ್ದರೆ, ಕಡ್ಡಿಯನ್ನು ಅಲ್ಲೇ ಇಟ್ಟು ಓಡಬಹುದು. ಮತ್ತೆ ಬಂದು ಬಿಟ್ಟಲ್ಲಿಂದ ಹಿಡಿಯಬಹುದು. ಚೂರುಚೂರಾದ ಹೊತ್ತಿನಲ್ಲೇ ಬಾಳಬೇಕಾದವರಿಗೆ ಇದಕ್ಕಿಂತ ಅನುಕೂಲದ ಕೆಲಸ ಸಿಗುವುದು ಕಷ್ಟ. ಇನ್ನೊಂದು ಸಂಗತಿಯೂ ಇದೆ. ಮಗ್ಗಕ್ಕೆ ಯಂತ್ರ ಬಂತು, ಕಡ್ಡಿ ಹೆಣಿಗೆಗೆ ಯಂತ್ರ ಬಂತು. ನಿಜವಾದ ಕ್ರೋಷಾವನ್ನು ರಾಶಿರಾಶಿಯಾಗಿ ಹೆಣೆಯುವ ಗಿರಣಿ ಯಂತ್ರ ಮಾತ್ರ ಇಂದಿಗೂ ಬಂದಿಲ್ಲ. ಸಾಲಿಗೆ 20 ಕುಣಿಕೆಯಂತೆ 20 ಸಾಲು ಹಾಕಿದರೆ ಅಂಗೈಯಗಲದ ಚೌಕವಾಗುತ್ತದೆ. ಆ 400 ಕುಣಿಕೆಗಳಲ್ಲಿ ಒಂದೊಂದನ್ನೂ ಯಾರದೋ ಬೆರಳು ಎಳೆದಿರಲೇಬೇಕು. ಜಪಮಣಿ ಎಣಿಸಿದಂತೆ ಹೆಣೆಯುತ್ತ ಪ್ರಾರ್ಥಿಸಲು ಇದು ಒಗ್ಗುವುದೂ ಇದರಿಂದಲೇ.

ಆದರೆ ಬಿಡುವಿನ ಹೊತ್ತಿನ ಕೆಲಸ ಎಂಬ ಈ ಹೆಸರೇ ಮುಂದೆ ಹೆಂಗಸರಿಗೆ ಮುಳುವಾಯಿತು. ಅದಕ್ಕೆ ಆಂಧ್ರದ ಗೋದಾವರಿ ತೀರದ ನರಸಾಪುರವೇ ಸಾಕ್ಷಿ. ಮಿಷನರಿಗಳು ಬಡ ಹೆಂಗಸರಿಗೆ ಕಲಿಸಿದ ಕ್ರೋಷಾ ಲೇಸು ಅಲ್ಲಿ ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಆ ಹೆಂಗಸರ ನಡುವೆ ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಲಕ್ಷಕ್ಕೂ ಹೆಚ್ಚು ಹೆಂಗಸರು ಈ ಕೆಲಸದಲ್ಲಿದ್ದರು. ಮನೆಗೆಲಸವೆಲ್ಲ ಮುಗಿಸಿ ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯುತ್ತಿದ್ದರು. ಆದರೂ ಅವರನ್ನು ಯಾರೂ ಕಾರ್ಮಿಕರೆಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಏನೋ ಮಾಡುತ್ತಾರೆ ಎಂಬ ಮಾತಿನ ಮರೆಯಲ್ಲಿ ಕೂಲಿ ತೀರಾ ಕೆಳಮಟ್ಟದಲ್ಲೇ ಉಳಿಯಿತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಊರಿನ ಹೆಸರಿಗೆ ಬಂದ ಮನ್ನಣೆ ಹೆಣೆದವರ ಕೂಲಿಗೂ ಬರಬೇಕಾದ್ದು ನ್ಯಾಯ.

ಇದು ನಮಗೂ ದೂರದ ಮಾತಲ್ಲ. ಶಿಡ್ಲಘಟ್ಟ ದೇಶದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲೊಂದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ಮನೆಗಳಲ್ಲಿ ಹೆಂಗಸರ ಬೆರಳುಗಳು ದಿನವೆಲ್ಲ ದುಡಿಯುತ್ತವೆ. ಆ ರೇಷ್ಮೆ ಎಲ್ಲೋ ಸೀರೆಯಾಗಿ ಅಂಗಡಿ ಸೇರಿದ ಮೇಲೆ ಅದರ ಸೆರಗಿಗೆ ಕುಚ್ಚು ಕಟ್ಟುವವರೂ ಹೆಂಗಸರೇ. ಬರಿಯ ಗಂಟಿನ ಕುಚ್ಚಿನ ಜೊತೆಗೆ ಈಗ ಮಣಿ ಪೋಣಿಸಿದ ಕ್ರೋಷಾ ಕುಚ್ಚು ಬಂದಿದೆ. ಸೀರೆಗಿಷ್ಟು ಎಂಬ ಲೆಕ್ಕದಲ್ಲಿ ಊರೂರಿನ ಮನೆಗಳಲ್ಲಿ ಈ ಕೆಲಸ ನಡೆಯುತ್ತದೆ. ಮದುವೆಯ ಸೀರೆಯನ್ನು ಕೊಂಡವರಿಗೆ ನೇಯ್ದ ಊರಿನ ಹೆಸರು ಗೊತ್ತಿರುತ್ತದೆ. ಕುಚ್ಚು ಕಟ್ಟಿದವರಿಗೆ ಹಿಡಿದ ಹೊತ್ತೆಷ್ಟು ಎಂದು ಕೇಳುವವರು ವಿರಳ.

ಹೀಗೆ ಒಂದೇ ಕಡ್ಡಿ ಎರಡು ದಾರಿ ಹಿಡಿದಿದೆ. ಒಂದು ಕೂಲಿಯ ದಾರಿ, ಇನ್ನೊಂದು ಕೊಡುಗೆಯ ದಾರಿ. ಕೂಲಿಯಲ್ಲಿ ಲೆಕ್ಕಕ್ಕೆ ಬರುವುದು ಸಿದ್ಧವಾದ ವಸ್ತು, ಅದಕ್ಕೆ ಹಿಡಿದ ಹೊತ್ತು ಮರೆಯಾಗುತ್ತದೆ. ಕಾಯಿಲೆಯವರಿಗೆಂದು ಹೆಣೆದ ಪುಟ್ಟ ಬಟ್ಟೆಯಲ್ಲಿ ವಸ್ತುವಿಗೆ ಬೆಲೆಯೇ ಇಲ್ಲ. ಅದನ್ನು ಹೊದೆಯಲಾಗದು, ಒರೆಸಲೂ ಬಾರದು. ನನಗಾಗಿ ಒಬ್ಬರು ಒಂದು ಸಂಜೆಯನ್ನು ಪೂರ್ತಿಯಾಗಿ ಕೊಟ್ಟಿದ್ದಾರೆ ಎಂಬುದಷ್ಟೇ ಅದರಲ್ಲಿರುವುದು. ಅದು ರೋಗವನ್ನು ಗುಣಪಡಿಸುತ್ತದೆಂದು ಹೇಳುವಂತಿಲ್ಲ, ಔಷಧಿಯ ಕೆಲಸ ಔಷಧಿಯೇ ಮಾಡಬೇಕು. ಆದರೆ ರಾತ್ರಿಯ ವಾರ್ಡಿನಲ್ಲಿ ಒಂಟಿಯಾಗಿ ಮಲಗಿರುವವರಿಗೆ ತಾನು ಯಾರ ನೆನಪಿನಲ್ಲಾದರೂ ಇದ್ದೇನೆಂಬುದು ಸಣ್ಣ ಸಮಾಧಾನವಲ್ಲ.

ನಮ್ಮ ಹಿಂದಿನ ತಲೆಮಾರಿಗೆ ಇದು ಗೊತ್ತಿತ್ತು. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ಹಿಮದಲ್ಲಿದ್ದ ಜವಾನರಿಗೆಂದು ದೇಶದ ಉದ್ದಗಲಕ್ಕೂ ಹೆಂಗಸರು ಸ್ವೆಟರು, ಕಾಲುಚೀಲ, ಮಫ್ಲರುಗಳನ್ನು ಹೆಣೆದರು. ಹಿಮವನ್ನೇ ಕಾಣದ ದಕ್ಷಿಣದವರೂ ಉಣ್ಣೆ ತಂದು ಕೂತರು. ಯಾರು ತೊಡುತ್ತಾರೆಂಬುದು ಹೆಣೆದವರಿಗೆ ತಿಳಿಯದು, ಯಾರು ಹೆಣೆದರೆಂಬುದು ತೊಟ್ಟವರಿಗೆ ತಿಳಿಯದು.

ಚರಿತ್ರೆ ಬರೆಯುವವರಿಗೆ ಎದುರಾಗುವ ತೊಡಕೂ ಇದೇ. ನಾಗರಕಲ್ಲಿಗೆ ನೆಲೆಯಿದೆ, ಆಸ್ಪತ್ರೆಗೆ ಹೆಸರಿದೆ, ರಫ್ತಿಗೆ ಕಡತವಿದೆ. ಕುಲಾವಿ, ಟೋಪಿ, ಮುಸುಕುಗಳನ್ನು ಹೆಣೆದವರ ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಮುಡಿಪಿನ ಅರಿಶಿನದ ಬಟ್ಟೆಯಂತೂ ಹರಕೆ ತೀರಿದ ದಿನವೇ ಹುಂಡಿಗೆ ಹೋಗುತ್ತದೆ. ಉಳಿದಿರುವುದು ಮನೆಮನೆಯ ಟ್ರಂಕುಗಳಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ. ಅಂಥದೊಂದು ನಿಮ್ಮ ಮನೆಯಲ್ಲಿ ಸಿಕ್ಕರೆ ಮತ್ತೆ ಮಡಿಸಿಡುವ ಮುನ್ನ ಮನೆಯ ಹಿರಿಯರನ್ನು ಕೇಳಿ ನೋಡಬಹುದು. ಯಾರು ಹೆಣೆದರು, ಯಾರಿಗಾಗಿ ಹೆಣೆದರು, ಆಗ ಮನೆಯಲ್ಲಿ ಏನು ಕಷ್ಟವಿತ್ತು ಎಂಬ ಮೂರು ಮಾತು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಟ್ಟರೆ ಸಾಕು. ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು.