ಬೈಬಲ್ಲಿನ ತೂತು, ವಸಂತರಾಯನ ದಾರಿ

ನವಲಗುಂದದ ನಾಗಲಿಂಗಜ್ಜನ ಮಠದಲ್ಲಿ ಒಂದು ಬೈಬಲ್ ಇದೆ. ಅದರಲ್ಲೊಂದು ತೂತಿದೆ. ಪಾದ್ರಿಯೊಬ್ಬರು ಕೊಟ್ಟ ಪುಸ್ತಕಕ್ಕೆ ಅಜ್ಜ ತೂತು ಹೊಡೆದರಂತೆ, ಅದು ತಾನಾಗಿ ಮುಚ್ಚುತ್ತ ಬರುತ್ತದೆ ಎಂದರಂತೆ. ಪೂರ್ತಿ ಮುಚ್ಚಿದ ದಿನ ಏನಾಗುತ್ತದೆ ಎಂಬುದು ಮಾತ್ರ ಹೇಳುವವರ ಮೇಲೆ ನಿಂತಿದೆ. ಜಗತ್ತಿಗೆಲ್ಲ ಒಂದೇ ಮತ ಆಗುತ್ತದೆ ಎನ್ನುವವರಿದ್ದಾರೆ, ಯೇಸುವಿನ ಕಾಲ ಬರುತ್ತದೆ ಎನ್ನುವವರಿದ್ದಾರೆ, ಸುಮ್ಮನೆ ‘ಕಾಲ ತಿರುಗ್ತೈತಿ’ ಎನ್ನುವವರೂ ಇದ್ದಾರೆ. ಕುಂದಗೋಳ ಸೀಮೆಯ ನನ್ನ ಅಜ್ಜಿ ನವಲಗುಂದವನ್ನು ಕಂಡವಳೇ ಅಲ್ಲ. ಆದರೂ ‘ಇನ್ನ ಸೂಜಿ ಹೋಗೂವಷ್ಟ ಉಳದೈತಂತ’ ಎಂದು ಖಚಿತವಾಗಿ ಹೇಳುತ್ತಿದ್ದಳು. ನಾನು ಐದನೇ ಇಯತ್ತೆಯಲ್ಲಿದ್ದಾಗಲೂ ಸೂಜಿಯಷ್ಟೇ, ಎಂ.ಎ. ಮುಗಿಸಿದಾಗಲೂ ಸೂಜಿಯಷ್ಟೇ.

ನಾಗಲಿಂಗಜ್ಜ ತೀರಿಕೊಂಡದ್ದು 1881ರಲ್ಲಿ. ಶಿಶುನಾಳ ಶರೀಫರ ಸಮಕಾಲೀನರು. ಆದರೆ ಬೈಬಲ್ಲನ್ನು ಹೀಗೆ ಕಾಲಜ್ಞಾನದ ಲೆಕ್ಕಕ್ಕೆ ಹಚ್ಚುವ ಕೆಲಸ ನಮ್ಮ ಸೀಮೆಯಲ್ಲಿ ಅದಕ್ಕೂ ನಾಲ್ಕು ದಶಕ ಮೊದಲೇ ಒಮ್ಮೆ ನಡೆದಿತ್ತು. ಬಾಸೆಲ್ ಮಿಶನ್ನಿನ ವರದಿಗಳಲ್ಲಿ 1840ರ ಆಸುಪಾಸಿನಲ್ಲಿ ‘ಕಾಲಜ್ಞಾನಿಗಳು’ ಎಂಬ ಹೆಸರು ಬರುತ್ತದೆ. ಹುಬ್ಬಳ್ಳಿಯ ಸುತ್ತಲಿನ ಹಳ್ಳಿಗಳಿಂದ ಕೆಲವರು ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ನಮ್ಮ ಓಲೆಗಳಲ್ಲಿ ನಿಮ್ಮ ಬರವು ಮೊದಲೇ ಬರೆದಿದೆ, ಪರದೇಶದವರು ಬಂದು ನಿಜಧರ್ಮ ಹೇಳುತ್ತಾರೆಂದಿದೆ ಎಂದರು. ಊರೂರು ಅಲೆದು, ಸಂತೆಯಲ್ಲಿ ನಿಂತು ಬೋಧಿಸಿ ಗಂಟಲು ಒಣಗಿಸಿಕೊಂಡಿದ್ದ ಪಾದ್ರಿಗಳಿಗೆ ಇದು ಹೇಗೆ ಕೇಳಿಸಿರಬೇಕು!

ಓಲೆಗಳಲ್ಲಿ ಏನಿತ್ತು ಎಂದು ಊಹಿಸುವುದು ಕಷ್ಟವಲ್ಲ. ಕೊಡೇಕಲ್ ಬಸವಣ್ಣನಿಂದ ಹಿಡಿದು ನೂರಾರು ಹೆಸರುಗಳಲ್ಲಿ ಹರಿದಾಡಿದ ಕಾಲಜ್ಞಾನ ಸಾಹಿತ್ಯದ ನಡುಗಂಬ ವೀರವಸಂತರಾಯ. ಅವನು ಬರುತ್ತಾನೆ, ಹಾಳಾದ ಕಲ್ಯಾಣವನ್ನು ಮತ್ತೆ ಕಟ್ಟುತ್ತಾನೆ, ಶರಣರು ತಿರುಗಿ ಬರುತ್ತಾರೆ. ವಿರೂಪಾಕ್ಷ ಪಂಡಿತನ ಚನ್ನಬಸವ ಪುರಾಣದಲ್ಲೂ ಈ ಭವಿಷ್ಯವಿದೆ. ಅದರ ಕಾಲ 1584. ರಕ್ಕಸತಂಗಡಿಯ ಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಲ್ಯಾಣ ಹೋದ ನೋವಿನ ಮೇಲೆ ವಿಜಯನಗರ ಹೋದ ನೋವು. ಬರುವ ರಾಜನ ಕನಸು ದಟ್ಟವಾಗುವುದು ಇರುವ ರಾಜ ಬಿದ್ದ ಮೇಲೆಯೇ. 1840ರ ಧಾರವಾಡದಲ್ಲೂ ಅದೇ ಸ್ಥಿತಿ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದಿತ್ತು, 1824ರಲ್ಲಿ ಕಿತ್ತೂರು ಬಿದ್ದಿತ್ತು, 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದರು. ಎರಿಹೊಲದ ರೈತನಿಗೆ ಉಳಿದಿದ್ದು ಕಂಪನಿಯ ಕಂದಾಯ.

ಇನ್ನು ಪಾದ್ರಿಗಳ ಕಡೆಗೆ ನೋಡಿ. ಅವರನ್ನು ನಾವು ಸಾಮಾನ್ಯವಾಗಿ ನಿಘಂಟು, ಮುದ್ರಣಾಲಯ, ಹಂಚಿನ ಕಾರ್ಖಾನೆಗಳ ಜೊತೆಗಷ್ಟೇ ನೆನೆಯುತ್ತೇವೆ. ಅವರಲ್ಲಿ ಬಹಳಷ್ಟು ಜನ ಬಂದದ್ದು ಜರ್ಮನಿಯ ವುರ್ಟೆಂಬರ್ಗಿನಿಂದ. ಆ ನಾಡಿನ ಭಕ್ತ ಮನೆಗಳಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಹದಿನೆಂಟನೇ ಶತಮಾನದ ಪಂಡಿತನ ಮಾತಿಗೆ ದೊಡ್ಡ ಬೆಲೆ. ಆತ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟಣೆಯ ಅಂಕಿಗಳನ್ನು ಕೂಡಿಸಿ ಕಳೆದು, 1836ರ ಜೂನ್ 18ರಂದು ದುಷ್ಟಶಕ್ತಿ ಕಟ್ಟಿಹಾಕಲ್ಪಟ್ಟು ಸಾವಿರ ವರ್ಷದ ರಾಜ್ಯ ಮೊದಲಾಗುತ್ತದೆ ಎಂದಿದ್ದ. ಕ್ರಿಸ್ತನನ್ನು ಎದುರುಗೊಳ್ಳಲು ಪೂರ್ವಕ್ಕೆ ಹೋಗಬೇಕೆಂದು 1817ರಲ್ಲಿ ಸಾವಿರಾರು ವುರ್ಟೆಂಬರ್ಗಿಗರು ಹೊಲಮನೆ ಮಾರಿ ರಷ್ಯಾದತ್ತ ಹೊರಟಿದ್ದರು. ಊರಲ್ಲೇ ಉಳಿದವರಿಗೆಂದು 1819ರಲ್ಲಿ ಕೋರ್ನ್‌ಟಾಲ್ ಎಂಬ ಹಳ್ಳಿ ಕಟ್ಟಲಾಯಿತು, ಕಾಯುವವರ ಹಳ್ಳಿ. ಅದನ್ನು ಸ್ಥಾಪಿಸಿದ ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್ನನ ಮಗ ವಿಲ್ಹೆಲ್ಮ್ ಹಾಫ್‌ಮನ್ 1839ರಲ್ಲಿ ಬಾಸೆಲ್ ಮಿಶನ್ನಿನ ಮುಖ್ಯಸ್ಥನಾದ.

1836ರ ಜೂನ್ 18 ಬಂತು, ಹೋಯಿತು. ಅದೇ ವರ್ಷ ಹರ್ಮನ್ ಮೋಗ್ಲಿಂಗ್ ಭಾರತಕ್ಕೆ ಹೊರಟು ಬಂದ. ಮರುವರ್ಷ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಮಿಶನ್ ಕೇಂದ್ರಗಳಾದವು. ದಿನಾಂಕ ಸುಳ್ಳಾದರೂ ನಿರೀಕ್ಷೆ ಸಾಯುವುದಿಲ್ಲ, ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತದೆ. ಲೋಕದ ಮೂಲೆಮೂಲೆಗೆ ಸುವಾರ್ತೆ ಮುಟ್ಟಿದ ಮೇಲೆಯೇ ಅಂತ್ಯ ಬರುತ್ತದೆ ಎಂಬ ನಂಬಿಕೆಯವರಿಗೆ ಹುಬ್ಬಳ್ಳಿಯೂ ಅಂಥದೊಂದು ಮೂಲೆ. ಆ ಮೂಲೆಯಲ್ಲಿ ಕಾಯುತ್ತಿದ್ದ ಇನ್ನೊಂದು ಜನ ಸಿಕ್ಕರು. ಇವರಿಗೆ ಅವರು ಗುರುತಾದರು, ಅವರಿಗೆ ಇವರು.

1841ರಲ್ಲಿ ಗದಗ–ಬೆಟಗೇರಿಯ ಬಳಿಯ ಮಲ್ಲಸಮುದ್ರದಲ್ಲಿ ಮಿಶನ್ ಜಮೀನು ಪಡೆಯಿತು. ಕಾಲಜ್ಞಾನಿಗಳು ಕುಟುಂಬ ಸಮೇತ ಬಂದು ಉಳುಮೆ ಮಾಡಿಕೊಂಡು ಕ್ರೈಸ್ತರಾಗಿ ಬಾಳುವ ಊರು ಅದಾಗಬೇಕಿತ್ತು. ಕೋರ್ನ್‌ಟಾಲಿನ ನೆರಳು ಅದರ ಮೇಲಿತ್ತೆಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಜನ ಬರಲಿಲ್ಲ. ಮಾತು ಕೊಟ್ಟವರು ನಾಳೆ ಎಂದರು, ಸುಗ್ಗಿ ಮುಗಿಯಲಿ ಎಂದರು, ಆಮೇಲೆ ಕಾಣಿಸಿಕೊಳ್ಳುವುದನ್ನೇ ಬಿಟ್ಟರು. ಆ ಹೊಲದಲ್ಲಿ ಕನಸಿನ ಊರು ಏಳಲೇ ಇಲ್ಲ.

ಇವರ ಮನಸ್ಸು ಲೌಕಿಕ ಲಾಭದ ಮೇಲಿತ್ತು ಎಂದು ಪಾದ್ರಿಗಳು ಬೇಸರಪಟ್ಟುಕೊಂಡರು. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ನಾನೂ ಹಾಗೇ ಬರೆದಿದ್ದೆ: ‘ಭೂಮಿ ಮತ್ತು ರಕ್ಷಣೆಯ ಆಸೆಗೆ ಬಂದರು, ಜಾತಿ ಬಿಡಬೇಕೆಂದಾಗ ಹಿಂದೆ ಸರಿದರು.’ ವಿಚಾರ ಸಂಕಿರಣದಲ್ಲಿ ಅದನ್ನು ಓದಿದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಅದೇ ನನಗೆ ಕಸಿವಿಸಿಯಾಯಿತು. ಅಷ್ಟು ಸಲೀಸಾಗಿ ಒಪ್ಪಿಗೆಯಾಗುವ ವಾಕ್ಯದಲ್ಲಿ ಏನೋ ತಪ್ಪಿರಬೇಕು. ಅಜ್ಜಿಯ ಸೂಜಿ ನೆನಪಾಯಿತು.

ಕಾಲಜ್ಞಾನ ಓದಿದವನಿಗೆ ಹೊಲ ಬೇರೆ, ಮೋಕ್ಷ ಬೇರೆ ಅಲ್ಲ. ವಸಂತರಾಯನ ರಾಜ್ಯದಲ್ಲಿ ಕಾಲಕಾಲಕ್ಕೆ ಮಳೆ, ನ್ಯಾಯದ ಅರಸು, ಕಟ್ಟಿದ ಕಲ್ಯಾಣ, ಎಲ್ಲ ಒಟ್ಟಿಗೇ ಬರಬೇಕು, ಈ ನೆಲದ ಮೇಲೆಯೇ ಬರಬೇಕು. ಬೆಂಗೆಲ್ಲನ ಸಾವಿರ ವರ್ಷವೂ ನೆಲದ ಮೇಲಿನದೇ. ರಷ್ಯಾದತ್ತ ಗಾಡಿ ಹೂಡಿದ ವುರ್ಟೆಂಬರ್ಗಿನ ರೈತರ ಬೆನ್ನ ಹಿಂದೆ 1816ರ ಬೆಳೆನಾಶವೂ ಇತ್ತು. ಅವರದು ಭಕ್ತಿ, ನಮ್ಮವರದು ದುರಾಸೆ ಎಂದು ಹೇಗೆ ಬರೆಯಲಿ? ಕಾಲಜ್ಞಾನಿಗಳು ಕೇಳಿದ್ದು ರಾಜನನ್ನು. ಅವರಿಗೆ ಸಿಕ್ಕಿದ್ದು, ಕಲೆಕ್ಟರನ ಮುಂದೆ ತಾನೇ ಅರ್ಜಿದಾರನಾಗಿದ್ದ ಪಾದ್ರಿ. ಓಲೆಯಲ್ಲಿದ್ದವನು ಇವನಲ್ಲ ಎಂದು ಅವರು ಎದ್ದು ಹೋದರು. ಹಾಗೆ ಓದಿದರೆ ಅವರು ಮೋಸಗಾರರೂ ಅಲ್ಲ, ಮೋಸಹೋದವರೂ ಅಲ್ಲ, ತಮ್ಮ ಗ್ರಂಥವನ್ನು ಕಟ್ಟುನಿಟ್ಟಾಗಿ ಓದಿದವರು. ಆ ವಾಕ್ಯ ಹೊಡೆದುಹಾಕಿ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಮುಖ ಗಂಟಿಕ್ಕಿದ್ದಾರೆ, ಅದಿರಲಿ.

ಒಂದು ಸಂಗತಿ ಹೇಳುವುದು ಉಳಿದಿದೆ. ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದನಲ್ಲ, ಅದರಲ್ಲಿ ಚನ್ನಬಸವ ಪುರಾಣವೂ ಇತ್ತು. ಮುಂದೆ ವುರ್ತ್ ಎಂಬ ಬಾಸೆಲ್ ಪಾದ್ರಿಯೇ ಅದನ್ನು ಇಂಗ್ಲಿಷಿಗೆ ತಂದ. ಮಲ್ಲಸಮುದ್ರಕ್ಕೆ ಬಾರದ ಜನರ ವಸಂತರಾಯ ಮಿಶನ್ನಿನ ಅಚ್ಚುಮನೆಯಿಂದಲೇ ಪುಸ್ತಕವಾಗಿ ಹೊರಬಿದ್ದ, ನವಲಗುಂದದ ಮಠದಲ್ಲಿ ಪಾದ್ರಿಯ ಬೈಬಲ್ಲಿಗೆ ಪೂಜೆ ನಡೆದಿದೆ. ಹೋದ ತಿಂಗಳು ಅಣ್ಣಿಗೇರಿಯಿಂದ ನವಲಗುಂದಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿದ್ದ ಹಿರಿಯರನ್ನು ತೂತು ಎಷ್ಟು ಉಳಿದಿದೆಯೆಂದು ಕೇಳಿದೆ. ಅವರು ಹೊರಗೆ ಒಣಗಿ ನಿಂತ ಕಡಲೆಹೊಲ ನೋಡುತ್ತ, ‘ನೀವು ಓದಿದವ್ರು, ನೀವ ನೋಡಿ ಬಂದು ಹೇಳ್ರಿ’ ಎಂದರು.