ಉಗಿ ಕೊಳವೆಗಳಲ್ಲಿ ನೀರು ಮತ್ತು ಉಗಿಯ ಜಂಟಿ ಹರಿವು: ಅರ್ಜಿದಾರರಿಗೆ ಮಾಹಿತಿ

ಬಾಯ್ಲರಿನಿಂದ ಯಂತ್ರಗಳಿಗೆ ಉಗಿಯನ್ನು ಒಯ್ಯುವ ಕೊಳವೆಯಲ್ಲಿ ಉಗಿ ಮಾತ್ರವೇ ಹರಿಯುವುದಿಲ್ಲ. ಕೊಳವೆಯ ಗೋಡೆಯ ಮೂಲಕ ಶಾಖವು ನಷ್ಟವಾದಂತೆ ಉಗಿಯ ಒಂದು ಭಾಗವು ನೀರಾಗುತ್ತದೆ. ದ್ರವ ಮತ್ತು ಆವಿ ಹೀಗೆ ಒಟ್ಟಾಗಿ ಹರಿಯುವುದನ್ನು ದ್ವಿಪ್ರಾವಸ್ಥೆಯ ಹರಿವು ಎನ್ನಲಾಗುತ್ತದೆ. ಕೊಳವೆ ಮಾರ್ಗದ ನಕ್ಷೆಗೆ ಅನುಮೋದನೆ ಕೋರುವವರು ಇದರ ಲೆಕ್ಕಾಚಾರದ ಕ್ರಮವನ್ನು ಅರಿತಿರುವುದು ಅವಶ್ಯಕ.

1. ತೂಕ ಮತ್ತು ಗಾತ್ರ

10 ಬಾರ್ ನಿರಪೇಕ್ಷ ಒತ್ತಡದಲ್ಲಿ ನೀರು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆಗ 1 ಕಿಲೋಗ್ರಾಂ ನೀರಿನ ಗಾತ್ರ ಸುಮಾರು 1.13 ಲೀಟರ್, ಅಷ್ಟೇ ತೂಕದ ಉಗಿಯ ಗಾತ್ರ ಸುಮಾರು 194 ಲೀಟರ್. ಆದುದರಿಂದ ತೂಕದಲ್ಲಿ ಶೇಕಡ 5ರಷ್ಟು ನೀರಿದ್ದರೂ, ಎರಡೂ ಒಂದೇ ವೇಗದಲ್ಲಿ ಹರಿಯುತ್ತವೆಂದು ಭಾವಿಸಿದಲ್ಲಿ, ನೀರು ಆಕ್ರಮಿಸುವ ಸ್ಥಳವು ಹತ್ತು ಸಾವಿರದಲ್ಲಿ ಸುಮಾರು ಮೂರು ಭಾಗ ಮಾತ್ರ.

2. ಲೆಕ್ಕಾಚಾರದ ಮಾದರಿಗಳು

(ಅ) ಸಮಮಿಶ್ರಣ ಮಾದರಿ: ನೀರು ಮತ್ತು ಉಗಿಗೆ ಒಂದೇ ವೇಗವನ್ನು ಕಲ್ಪಿಸಲಾಗುತ್ತದೆ. ನೀರು ಸಣ್ಣ ಹನಿಗಳಾಗಿ ಉಗಿಯೊಡನೆ ಬೆರೆತು ವೇಗವಾಗಿ ಸಾಗುವಾಗ ಇದು ಸೂಕ್ತ.

(ಆ) ಪ್ರತ್ಯೇಕ ಹರಿವಿನ ಮಾದರಿ: ಎರಡಕ್ಕೂ ಬೇರೆ ಬೇರೆ ವೇಗಗಳನ್ನು ಪರಿಗಣಿಸಲಾಗುತ್ತದೆ. ಒತ್ತಡ ನಷ್ಟಕ್ಕೆ ಲಾಕ್‌ಹಾರ್ಟ್ ಮತ್ತು ಮಾರ್ಟಿನೆಲ್ಲಿ ಅವರು 1949ರಲ್ಲಿ ಪ್ರಕಟಿಸಿದ ವಿಧಾನವು ಪ್ರಸಿದ್ಧವಾಗಿದೆ. ಅದು ಗಾಳಿ ಹಾಗೂ ವಿವಿಧ ದ್ರವಗಳ ಪ್ರಯೋಗಗಳನ್ನು ಆಧರಿಸಿರುವುದರಿಂದ ಅಧಿಕ ಒತ್ತಡದ ಉಗಿಗೆ ಎಚ್ಚರಿಕೆಯಿಂದ ಅನ್ವಯಿಸತಕ್ಕದ್ದು.

3. ಮಾದರಿಯ ಆಯ್ಕೆಯ ಮಹತ್ವ

ಮಟ್ಟಸ ಕೊಳವೆಯಲ್ಲಿ ನೀರು ತಳದಲ್ಲಿ ನಿಧಾನವಾಗಿ ಸಾಗಿ, ತಗ್ಗಿದ ಭಾಗಗಳಲ್ಲಿ ಸಂಗ್ರಹವಾಗುತ್ತದೆ. ಸಮಮಿಶ್ರಣ ಮಾದರಿಯು ಈ ಸಂಗ್ರಹವನ್ನು ತೋರಿಸುವುದಿಲ್ಲ. ನೀರಿನ ಮಟ್ಟವು ಏರಿ ಕೊಳವೆಯನ್ನು ಮುಚ್ಚಿದಾಗ, ಹಿಂದಿನ ಉಗಿಯು ಆ ನೀರಿನ ಮುದ್ದೆಯನ್ನು ಅತಿ ವೇಗದಿಂದ ತಳ್ಳುತ್ತದೆ. ಅದು ಬಾಗು ಅಥವಾ ಕವಾಟಕ್ಕೆ ಅಪ್ಪಳಿಸುವುದೇ ಜಲಾಘಾತ. ಇದರಿಂದ ಕವಾಟ ಒಡೆದು, ಸಮೀಪದಲ್ಲಿರುವ ಕಾರ್ಮಿಕರ ಪ್ರಾಣಕ್ಕೆ ಅಪಾಯ ಒದಗಬಹುದು. ಸ್ಥಿರ ಒತ್ತಡವನ್ನು ಮಾತ್ರ ಆಧರಿಸಿ ನಿಗದಿಪಡಿಸಿದ ಗೋಡೆಯ ದಪ್ಪವು ಈ ಹೊಡೆತದಿಂದ ರಕ್ಷಣೆ ನೀಡುವುದೆಂದು ಭಾವಿಸತಕ್ಕದ್ದಲ್ಲ.

4. ಗಮನಿಸಬೇಕಾದ ಅಂಶಗಳು

• ಕೊಳವೆಯು ಉಗಿ ಹರಿಯುವ ದಿಕ್ಕಿನಲ್ಲಿ ಇಳಿಜಾರಾಗಿರುವುದು.
• ತಗ್ಗಿನ ಸ್ಥಳಗಳಲ್ಲಿ ಹಾಗೂ ಏರುಕೊಳವೆಯ ಬುಡದಲ್ಲಿ ನೀರು ಹೊರಹೋಗುವ ವ್ಯವಸ್ಥೆ ಮತ್ತು ಸ್ಟೀಮ್ ಟ್ರ್ಯಾಪ್ ಇರುವುದು.
• ಕೊಳವೆಗೆ ಶಾಖ ನಿರೋಧಕ ಹೊದಿಕೆ ಇರುವುದು.
• ತಣ್ಣಗಿರುವ ಕೊಳವೆಗೆ ಉಗಿ ಬಿಡುವ ಮುನ್ನ ಸಂಗ್ರಹವಾದ ನೀರನ್ನು ಹೊರಹಾಕಿ, ಕವಾಟವನ್ನು ನಿಧಾನವಾಗಿ ತೆರೆಯುವುದು.

ಅರ್ಜಿದಾರರು ಮೊದಲ ಮೂರು ಅಂಶಗಳನ್ನು ನಕ್ಷೆಯಲ್ಲಿಯೂ, ಅನುಸರಿಸಿದ ಮಾದರಿಯನ್ನು ಲೆಕ್ಕಪತ್ರದಲ್ಲಿಯೂ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.