ಎರಡು ಗರಡಿಗಳ ಹಗೆ: ‘ಕಿಂಗ್ ಬಾಕ್ಸರ್’ (1972)

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸಂಸ್ಥೆಯ ಈ ಕುಂಗ್‌ಫೂ ಚಿತ್ರದ ನಿರ್ದೇಶಕ ಕೊರಿಯಾದ ಜಿಯಾಂಗ್ ಚಾಂಗ್-ಹ್ವಾ. ನಾಯಕ, ಇಂಡೊನೇಷ್ಯಾದಲ್ಲಿ ಹುಟ್ಟಿದ ಲೋ ಲಿಯೆ.

ಊರಿನ ದೊಡ್ಡ ಪಂದ್ಯದಲ್ಲಿ ತನ್ನ ಮಗನೇ ಗೆಲ್ಲಬೇಕೆಂದು ಹಟ ಹಿಡಿದ ಗರಡಿಯ ಯಜಮಾನನೊಬ್ಬ, ಎದುರು ಗರಡಿಯನ್ನು ಮಟ್ಟಹಾಕಲು ಜಪಾನಿನಿಂದ ಕಾದಾಳುಗಳನ್ನು ಕರೆಸುತ್ತಾನೆ. ನಾಯಕನ ಕೈಗಳನ್ನೇ ಜಜ್ಜಿಸುತ್ತಾನೆ. ಆ ಕೈಗಳನ್ನು ಮತ್ತೆ ಪಳಗಿಸಿಕೊಂಡು ನಾಯಕ ‘ಕಬ್ಬಿಣದ ಅಂಗೈ’ ವಿದ್ಯೆಯನ್ನು ವಶಮಾಡಿಕೊಳ್ಳುತ್ತಾನೆ. ಹೊಡೆಯುವ ಮುನ್ನ ಅಂಗೈ ಕೆಂಪಗೆ ಹೊಳೆಯುತ್ತದೆ, ಸೈರನ್ ಕೂಗುತ್ತದೆ. ಆ ಸದ್ದು ಅಮೆರಿಕದ ‘ಐರನ್‌ಸೈಡ್’ ಧಾರಾವಾಹಿಗೆ ಕ್ವಿನ್ಸಿ ಜೋನ್ಸ್ ಕೊಟ್ಟ ಸಂಗೀತದಿಂದ ಎತ್ತಿಕೊಂಡದ್ದು. ಮುಂದೆ ‘ಕಿಲ್ ಬಿಲ್’ನಲ್ಲಿ (2003) ಕ್ವೆಂಟಿನ್ ಟರಂಟಿನೊ ಅದನ್ನೇ ಮತ್ತೆ ಬಳಸಿದರು.

ನಾಯಕನಿಗಿಂತಲೂ ನೆನಪಿನಲ್ಲಿ ಉಳಿಯುವವನು, ಹೊಟ್ಟೆಕಿಚ್ಚಿನಿಂದ ಸ್ವಂತ ಗರಡಿಗೇ ದ್ರೋಹ ಬಗೆದ ಹಿರಿಯ ಶಿಷ್ಯ. ವೈರಿಗಳಿಂದಲೇ ಕಣ್ಣು ಕಳೆದುಕೊಂಡ ಅವನು ಕತ್ತಲ ಕೋಣೆಯಲ್ಲಿ ಸೇಡು ತೀರಿಸಿಕೊಳ್ಳುವ ದೃಶ್ಯ ಇಡೀ ಚಿತ್ರದ ಅತ್ಯುತ್ತಮ ಭಾಗ. ಸಂಭಾಷಣೆಯ ಬಗ್ಗೆ ಅಷ್ಟು ಹೇಳುವಂತಿಲ್ಲ.

1973ರ ಮಾರ್ಚ್‌ನಲ್ಲಿ ವಾರ್ನರ್ ಬ್ರದರ್ಸ್ ಇದನ್ನು ‘ಫೈವ್ ಫಿಂಗರ್ಸ್ ಆಫ್ ಡೆತ್’ ಹೆಸರಿನಲ್ಲಿ ಅಮೆರಿಕದಲ್ಲಿ ತೆರೆಗೆ ತಂದಿತು. ಬ್ರೂಸ್ ಲೀಯ ‘ಎಂಟರ್ ದ ಡ್ರ್ಯಾಗನ್’ ಅಲ್ಲಿ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ.